ಬೇಲಿ ವಾಲಿದಾಗ

ಮನೆಯ ಕೈತೋಟದ ಬೇಲಿ ಒಂದೇ ದಿನದಲ್ಲಿ ವಾಲುವುದಿಲ್ಲ. ಮೊದಲ ವರ್ಷ ಒಂದು ಕಂಬ ಅಂಗುಲದಷ್ಟು ಸರಿಯುತ್ತದೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಮರುವರ್ಷದ ಮಳೆಗಾಳಿಗೆ ಅದರ ಪಕ್ಕದ ಕಂಬವೂ ಅದೇ ಕಡೆಗೆ ಬಾಗುತ್ತದೆ. ಮೂರನೆಯ ಮುಂಗಾರಿನ ಹೊತ್ತಿಗೆ ಬೇಲಿಯ ಒಂದು ಭಾಗವೇ ರಸ್ತೆಯ ಕಡೆಗೋ ನೆರೆಮನೆಯ ಕಡೆಗೋ ಮೈಚಾಚಿ ನಿಂತಿರುತ್ತದೆ. ಆಗ ಎಚ್ಚರಗೊಂಡು ಕೆಲಸದವರನ್ನು ಕರೆಸಿ ಕೇಳಿದರೆ, "ಇದನ್ನೆಲ್ಲ ಕಿತ್ತು ಹೊಸದಾಗಿ ಹಾಕಿಸಿಬಿಡಿ ಸ್ವಾಮಿ, ಇದರಲ್ಲಿ ಏನೂ ಉಳಿದಿಲ್ಲ" ಎಂಬ ಉತ್ತರ ಬರುವುದೇ ಹೆಚ್ಚು. ಅವರು ಹೇಳುವ ಮೊತ್ತವನ್ನು ಕೇಳಿ ಹೆದರಿ, ಬೇಲಿಯನ್ನು ಒಂದು ಹಗ್ಗದಿಂದ ಹತ್ತಿರದ ಮರಕ್ಕೆ ಬಿಗಿದು, ಮುಂದಿನ ವರ್ಷ ನೋಡೋಣವೆಂದು ಸುಮ್ಮನಾಗುವ ಗೃಹಸ್ಥರೂ ಉಂಟು.

ಈ ಎರಡು ದಾರಿಗಳಲ್ಲಿ ಯಾವುದೂ ಬೇಕಾಗಿಲ್ಲ. ವಾಲಿದ ಬೇಲಿಯಲ್ಲಿ ಸಾಮಾನ್ಯವಾಗಿ ರೋಗ ಹಿಡಿದಿರುವುದು ಇಡೀ ಬೇಲಿಗಲ್ಲ. ಎರಡು ಮೂರು ಕಂಬಗಳ ಬುಡಕ್ಕೆ ಮಾತ್ರ. ದಬ್ಬೆ, ಅಡ್ಡಪಟ್ಟಿ, ತಂತಿ ಇವೆಲ್ಲ ಆ ಕಂಬಗಳನ್ನು ಹಿಂಬಾಲಿಸಿ ಬಾಗಿರುತ್ತವೆ, ಅಷ್ಟೆ. ರೋಗದ ಕಂಬ ಯಾವುದೆಂದು ಗುರುತಿಸಿ, ಅದರ ಬುಡವನ್ನಷ್ಟೇ ಸರಿಪಡಿಸಿದರೆ ಉಳಿದದ್ದೆಲ್ಲ ತಾನಾಗಿ ನೆಟ್ಟಗಾಗುವುದು. ಇದಕ್ಕೆ ತಗಲುವ ಖರ್ಚು ಹೊಸ ಬೇಲಿಯ ಖರ್ಚಿನ ಒಂದು ಸಣ್ಣ ಪಾಲು.

ಆದರೆ ಕೆಲಸವನ್ನು ಮುಂದೂಡುವುದು ಮಾತ್ರ ಸಲ್ಲದು. ಬೆಂಗಳೂರು, ಮೈಸೂರು, ತುಮಕೂರಿನ ಕಡೆ ಬೇಲಿಗೆ ಹಾಕುವ ಕಣಶಿಲೆಯ ಕಲ್ಲುಕಂಬವನ್ನೇ ತೆಗೆದುಕೊಳ್ಳಿ. ಆರು ಅಂಗುಲ ಚೌಕ, ಏಳು ಅಡಿ ಉದ್ದದ ಒಂದು ಕಂಬ ಸುಮಾರು 130 ಕಿಲೋಗ್ರಾಂ ತೂಗುತ್ತದೆ. ಅದು ವಾಲಿ ನಿಂತಿರುವ ಜಾಗದಲ್ಲಿ ಮಕ್ಕಳು ಆಡುತ್ತಿದ್ದರೆ, ಪ್ರಶ್ನೆ ಬೇಲಿಯ ಅಂದಚೆಂದದ್ದಾಗಿ ಉಳಿಯುವುದಿಲ್ಲ.

ಮೊದಲು ಪರೀಕ್ಷೆ

ಖರ್ಚನ್ನು ಉಳಿಸುವುದು ಈ ಪರೀಕ್ಷೆಯೇ. ಇದಕ್ಕೆ ಬೇಕಾದದ್ದು ಒಂದು ಉದ್ದದ ದಾರ, ಗಾರೆ ಕೆಲಸದವರ ತೂಗುಗುಂಡು, ಒಂದು ದಬ್ಬಳ ಅಥವಾ ಸ್ಕ್ರೂ ಡ್ರೈವರು, ಒಂದು ಸಣ್ಣ ಗುದ್ದಲಿ. ತೂಗುಗುಂಡು ಇಲ್ಲವಾದರೆ ದಾರದ ತುದಿಗೆ ಒಂದು ಕಲ್ಲು ಕಟ್ಟಿದರೂ ಸಾಕು.

ನೆಟ್ಟಗಿರುವ ಎರಡು ಕೊನೆಯ ಕಂಬಗಳ ತಲೆಗೆ ದಾರವನ್ನು ಬಿಗಿಯಾಗಿ ಎಳೆದು ಕಟ್ಟಿರಿ. ಯಾವ ಕಂಬ ದಾರದಿಂದ ಎಷ್ಟು ದೂರ ಸರಿದಿದೆ ಎಂಬುದು ಆಗ ಗೊತ್ತಾಗುತ್ತದೆ. ಐದು ಅಡಿ ಎತ್ತರದ ಕಂಬದ ತಲೆ ಒಂದು ಅಂಗುಲ ಸರಿದಿದ್ದರೆ ಅದನ್ನು ಮುಟ್ಟಬೇಕಾಗಿಲ್ಲ. ದಿನಾಂಕ ಬರೆದಿಟ್ಟು ತಿಂಗಳಿಗೊಮ್ಮೆ ಅಳೆದರಾಯಿತು. ಮೂರು ಅಂಗುಲ ಮೀರಿದ್ದರೆ, ಅಥವಾ ತಿಂಗಳಿಂದ ತಿಂಗಳಿಗೆ ಅಳತೆ ಬೆಳೆಯುತ್ತಿದ್ದರೆ, ಆ ಕಂಬಕ್ಕೆ ಚಿಕಿತ್ಸೆ ಆಗಬೇಕು.

ಅನಂತರ ಪ್ರತಿಯೊಂದು ಕಂಬವನ್ನೂ ಎದೆಯೆತ್ತರದಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ ನೋಡಿರಿ. ಕಲ್ಲಿನ ಕಂಬವಾದರೆ ವಾಲಿದ ಬದಿಯಲ್ಲಿ ನಿಲ್ಲಕೂಡದು. ಮರದ ಕಂಬವಾದರೆ ಬುಡದ ಸುತ್ತ ಅರ್ಧ ಅಡಿ ಮಣ್ಣು ಸರಿಸಿ, ನೆಲಮಟ್ಟಕ್ಕೆ ತುಸು ಕೆಳಗೆ ದಬ್ಬಳದಿಂದ ಚುಚ್ಚಿರಿ. ಗಟ್ಟಿ ಮರದಲ್ಲಿ ದಬ್ಬಳ ಕಷ್ಟದಿಂದ ಕಾಲಂಗುಲ ಇಳಿದೀತು. ಕೊಳೆತ ಮರದಲ್ಲಿ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ.

ಹೀಗೆ ನೋಡಿದಾಗ ಕಂಬಗಳು ನಾಲ್ಕು ಗುಂಪಾಗುತ್ತವೆ. ಮೊದಲನೆಯದು, ಗಟ್ಟಿಯಾಗಿದ್ದು ನೆಟ್ಟಗಿರುವವು. ಇವಕ್ಕೆ ಏನೂ ಬೇಡ. ಎರಡನೆಯದು, ಕಂಬ ಗಟ್ಟಿಯಾಗಿದ್ದು ಮಣ್ಣು ಸಡಿಲಗೊಂಡವು. ಮೂರನೆಯದು, ಬುಡ ಕೊಳೆತವು. ನಾಲ್ಕನೆಯದು, ಕಂಬವೂ ಮಣ್ಣೂ ಚೆನ್ನಾಗಿದ್ದು ತಂತಿಯ ಎಳೆತಕ್ಕೆ ಬಾಗಿದ ಮೂಲೆಯ ಕಂಬಗಳು. ಪ್ರತಿ ಗುಂಪಿಗೂ ಮದ್ದು ಬೇರೆ ಬೇರೆ. ಎಲ್ಲಕ್ಕೂ ಒಂದೇ ಮದ್ದೆಂದು ಸಿಮೆಂಟು ಸುರಿಯುವುದರಿಂದಲೇ ಹಣ ಪೋಲಾಗುವುದು.

ಬುಡವೇ ಏಕೆ ಕೆಡುತ್ತದೆ?

ಹಳೆಯ ಮರದ ಕಂಬವೊಂದನ್ನು ಕಿತ್ತು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಮೇಲಿನ ಭಾಗ ಗಟ್ಟಿಯಾಗಿರುತ್ತದೆ. ಎರಡು ಅಡಿ ಆಳದಲ್ಲಿದ್ದ ತುದಿಯೂ ಅನೇಕ ವೇಳೆ ಸುಮಾರಾಗಿ ಚೆನ್ನಾಗಿರುತ್ತದೆ. ನಡುವೆ, ನೆಲಮಟ್ಟದ ಸುತ್ತಮುತ್ತ, ಒಂದು ಗೇಣಿನಷ್ಟು ಭಾಗ ಮಾತ್ರ ಪುಡಿಪುಡಿಯಾಗಿರುತ್ತದೆ. ಮರವನ್ನು ಕೊಳೆಸುವುದು ಒಂದು ಜಾತಿಯ ಬೂಷ್ಟು. ಅದಕ್ಕೆ ಆಹಾರವಾಗಿ ಮರ, ಜೊತೆಗೆ ತೇವ, ಗಾಳಿ, ಸ್ವಲ್ಪ ಬೆಚ್ಚಗಿನ ಹವೆ ಇಷ್ಟೂ ಒಟ್ಟಿಗೆ ಬೇಕು. ಮೇಲೆ ಗಾಳಿ ಇದೆ, ಆದರೆ ಮರ ಒಣಗುತ್ತಿರುತ್ತದೆ. ಆಳದಲ್ಲಿ ತೇವ ಇದೆ, ಆದರೆ ಗಾಳಿ ಸಾಲದು. ನೆಲಮಟ್ಟದಲ್ಲಿ ಎರಡೂ ಸಿಗುತ್ತವೆ. ಗೆದ್ದಲು ಮರಕ್ಕೆ ಹತ್ತುವುದೂ ಮಣ್ಣಿನ ಮೂಲಕವೇ.

ಎಲ್ಲ ಮರವೂ ಒಂದೇ ಸಮನಾಗಿ ಕೆಡುವುದಿಲ್ಲ. ತೇಗ, ಹೊನ್ನೆಗಳ ಚೇಗು ಬಹುಕಾಲ ತಾಳುತ್ತದೆ; ಆದರೆ ಅದೇ ತೇಗದ ಹೊರಗಿನ ಬಿಳಿಯ ಭಾಗ ಬೇಗ ಹಾಳಾಗುತ್ತದೆ. ಪಟ್ಟಣಗಳಲ್ಲಿ ಅಗ್ಗವಾಗಿ ಸಿಗುವ ಎಳೆಯ ಸರ್ವೆ ಗಳುಗಳಲ್ಲಿ ಚೇಗು ಬಲಿತಿರುವುದಿಲ್ಲ. ಹಾಗೆಯೇ ಮಣ್ಣಿಗೆ ನೆಟ್ಟರೆ ಕೆಲವೇ ಮಳೆಗಾಲಗಳಲ್ಲಿ ಗೆದ್ದಲಿಗೆ ತುತ್ತಾಗುವುದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕೆ ಪರಿಹಾರ ಹುಡುಕಿದವರಲ್ಲಿ ನಮ್ಮ ದೇಶದವರೊಬ್ಬರ ಹೆಸರು ಜಗತ್ತಿನ ಮರದ ಉದ್ಯಮಕ್ಕೆಲ್ಲ ತಿಳಿದಿದೆ. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೋಂಟಿ ಕಾಮೇಶಂ ಅವರು 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಇವುಗಳ ಲವಣಗಳನ್ನು ಕೂಡಿಸಿ ಮರದೊಳಕ್ಕೆ ಹೊಗಿಸುವ ವಿಧಾನವನ್ನು ಕಂಡುಹಿಡಿದರು. ತಾಮ್ರ ಬೂಷ್ಟನ್ನು ತಡೆಯುತ್ತದೆ, ಆರ್ಸೆನಿಕ್ ಹುಳುಗಳನ್ನು ತಡೆಯುತ್ತದೆ, ಕ್ರೋಮಿಯಂ ಇವೆರಡನ್ನೂ ಮರದಲ್ಲಿ ಭದ್ರವಾಗಿ ಹಿಡಿದಿಡುತ್ತದೆ. ತಂತಿಕಂಬಗಳೂ ಬೇಲಿಗೂಟಗಳೂ ಈ ಉಪಾಯದಿಂದ ದಶಕಗಳ ಕಾಲ ಬಾಳಿವೆ. ಆದರೆ ಆರ್ಸೆನಿಕ್ ಎಂಬುದು ಪಾಷಾಣ. ಈ ಕಾರಣದಿಂದಲೇ ಅಮೆರಿಕದ ತಯಾರಕರು 2003ರ ಕೊನೆಯ ಹೊತ್ತಿಗೆ ಮನೆಬಳಕೆಯ ಮರಕ್ಕೆ ಇದನ್ನು ಹಾಕುವುದನ್ನು ಬಿಟ್ಟರು. ಗುಜರಿಯಲ್ಲಿ ಹಸಿರುಛಾಯೆಯ ಹಳೆಯ ಗೂಟಗಳು ಅಗ್ಗವಾಗಿ ಸಿಕ್ಕಿದರೆ ಒಂದು ಮಾತು ನೆನಪಿರಲಿ: ಅವುಗಳ ಚೂರನ್ನು ಒಲೆಗಾಗಲಿ ಬಚ್ಚಲ ಹಂಡೆಯ ಉರಿಗಾಗಲಿ ಹಾಕಕೂಡದು. ಹೊಗೆಯೂ ವಿಷ, ಬೂದಿಯೂ ವಿಷ. ಅವುಗಳ ಗರಗಸದ ಹೊಟ್ಟು ಸೊಪ್ಪಿನ ಮಡಿಗೆ ಬೀಳಕೂಡದು.

ಗಾಳಿಯ ಬಲ, ಕಂಬದ ಆಳ

ಬುಡವನ್ನು ತಳ್ಳುವವರು ಯಾರು? ಮುಖ್ಯವಾಗಿ ಗಾಳಿ. ಗಂಟೆಗೆ 50 ಕಿಲೋಮೀಟರು ವೇಗದ ಗಾಳಿ, ಎದುರಿಗೆ ನಿಂತ ಪ್ರತಿ ಚದರ ಮೀಟರಿನ ಮೇಲೆ ಸುಮಾರು 12 ಕಿಲೋಗ್ರಾಂ ತೂಕದಷ್ಟು ಒತ್ತಡ ಹಾಕುತ್ತದೆ. ಎಂಟು ಅಡಿ ಅಂತರದ ಎರಡು ಕಂಬಗಳ ನಡುವೆ ಐದು ಅಡಿ ಎತ್ತರದ, ಸಂದಿಲ್ಲದ ತಡಿಕೆಯನ್ನೋ ತಗಡನ್ನೋ ಕಟ್ಟಿದ್ದರೆ, ಅದರ ಮೇಲೆ ಬೀಳುವ ಒತ್ತಡ ಸುಮಾರು 45 ಕಿಲೋಗ್ರಾಂ. ಗಾಳಿಯ ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ. ಮೇ ತಿಂಗಳ ಸಂಜೆಯ ಬಿರುಗಾಳಿಗೆ ಹೊಸ ತಗಡಿನ ಬೇಲಿ ಮಲಗಿ, ಪಕ್ಕದ ಹಳೆಯ ತಂತಿಬೇಲಿ ನಿಂತೇ ಇರುವುದು ಈ ಕಾರಣದಿಂದ. ತಂತಿ ಗಾಳಿಗೆ ದಾರಿ ಬಿಡುತ್ತದೆ; ತಗಡು ಹಾಯಿಯಂತೆ ಗಾಳಿಯನ್ನು ಹಿಡಿಯುತ್ತದೆ. ಬೇಲಿಗೆ ಹಬ್ಬಿಸಿದ ಚಪ್ಪರದವರೆ, ಮಲ್ಲಿಗೆ, ಬೋಗನ್‌ವಿಲ್ಲೆ ದಟ್ಟವಾಗಿ ಬೆಳೆದಾಗ ತಂತಿಬೇಲಿಯೂ ಹಾಯಿಯಾಗುತ್ತದೆ. ಮಳೆಯಲ್ಲಿ ತೊಯ್ದ ಬಳ್ಳಿಯ ಭಾರ ಬೇರೆ.

ಈ ಬಲವನ್ನು ತಡೆಯುವುದು ಮಣ್ಣಿನೊಳಗಿನ ಭಾಗ. ಅದು ಒಂದು ಅಡಿಯಿಂದ ಎರಡು ಅಡಿಗೆ ಇಳಿದರೆ ಹಿಡಿತ ಎರಡರಷ್ಟಲ್ಲ, ನಾಲ್ಕರಷ್ಟು ಅಥವಾ ಅದಕ್ಕೂ ಮೀರಿ ಹೆಚ್ಚುತ್ತದೆ. ಆದುದರಿಂದ ಐದು ಅಡಿ ಮೇಲೆ ನಿಲ್ಲುವ ಕಂಬಕ್ಕೆ ಎರಡು ಅಡಿಯಾದರೂ ಆಳ ಬೇಕು. ಕೂಲಿ ಉಳಿಸಲೆಂದು ಒಂದೂಕಾಲು ಅಡಿಗೇ ಗುಂಡಿ ನಿಲ್ಲಿಸಿದ ಬೇಲಿಗೆ ಮೇಲೆ ಎಷ್ಟು ಮೊಳೆ ಹೊಡೆದರೂ ಅದು ವಾಲದೆ ಬಿಡದು.

ಮಣ್ಣಿನ ಗುಣ

ನಿಮ್ಮ ಊರಿನ ಮಣ್ಣನ್ನೂ ಗಮನಿಸಬೇಕು. ಮೈಸೂರು, ಬೆಂಗಳೂರಿನ ಕಡೆಯ ಕೆಮ್ಮಣ್ಣು ಚೆನ್ನಾಗಿ ದಮ್ಮಸು ಮಾಡಿದರೆ ಗಟ್ಟಿಯಾಗಿ ಕೂಡುತ್ತದೆ. ಸಾಧಾರಣ ಬೇಲಿಗೆ ಸಿಮೆಂಟೇ ಬೇಕಾಗಿಲ್ಲ. ಹುಬ್ಬಳ್ಳಿ, ಗದಗ, ವಿಜಯಪುರ, ರಾಯಚೂರಿನ ಎರೆಮಣ್ಣಿನ ಸ್ವಭಾವ ಬೇರೆ. ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ವರ್ಷಕ್ಕೊಮ್ಮೆ ಹೀಗೆ ಉಬ್ಬಿ ಕುಗ್ಗುವ ಮಣ್ಣು ಕಂಬವನ್ನು ಅಲುಗಿಸುತ್ತಲೇ ಇರುತ್ತದೆ. ಅಲ್ಲಿ ಗುಂಡಿಯನ್ನು ಎರಡೂವರೆ ಮೂರು ಅಡಿಗೆ ಇಳಿಸಬೇಕು, ಏಕೆಂದರೆ ಆಳಕ್ಕೆ ಹೋದಷ್ಟೂ ತೇವದ ಏರಿಳಿತ ಕಡಿಮೆ. ಅಗೆದ ಎರೆಮಣ್ಣನ್ನು ಮತ್ತೆ ತುಂಬದೆ ಗರಸು ತಂದು ತುಂಬಬೇಕು. ಕರಾವಳಿಯಲ್ಲಿ ಜಂಬಿಟ್ಟಿಗೆಯ ನೆಲ ಗಟ್ಟಿಯೇ. ಆದರೆ ಮಂಗಳೂರಿನಂಥ ಊರಿನಲ್ಲಿ ವರ್ಷಕ್ಕೆ 3000 ಮಿಲಿಮೀಟರು ಮೀರಿ ಮಳೆ ಸುರಿಯುವುದರಿಂದ, ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳುವುದೇ ಅಲ್ಲಿ ದೊಡ್ಡ ಕೆಲಸ.

ಎಲ್ಲ ಊರಿಗೂ ಅನ್ವಯಿಸುವ ಇನ್ನೊಂದು ಕಾರಣ ಮನೆಯ ನೀರು. ಬಚ್ಚಲ ನೀರು, ತಾರಸಿಯ ದೋಣಿಯ ನೀರು, ಗಿಡಗಳಿಗೆ ಮಾಡಿದ ಪಾತಿಯ ನೀರು ಕಂಬದ ಬುಡಕ್ಕೆ ಹರಿಯುತ್ತಿದ್ದರೆ, ಮೊದಲು ಅದನ್ನು ಬೇರೆ ಕಡೆಗೆ ತಿರುಗಿಸಿರಿ. ಒಂದು ಗುದ್ದಲಿಯ ಈ ಕೆಲಸಕ್ಕೆ ಕಾಸಿನ ಖರ್ಚಿಲ್ಲ.

ಅಗೆಯುವ ಮುನ್ನ

ಬೇಲಿ ಎರಡು ಮನೆಗಳ ನಡುವೆ ಇದ್ದರೆ, ಹಾರೆ ಎತ್ತುವ ಮುನ್ನ ನೆರೆಯವರಿಗೆ ಒಂದು ಮಾತು ಹೇಳಿರಿ. "ಕಂಬ ನೆಟ್ಟಗೆ ಮಾಡಿಸುತ್ತಿದ್ದೇವೆ ರಾಯರೇ, ಒಮ್ಮೆ ಬಂದು ನೋಡಿ" ಎಂದರೆ ಸಾಕು. ವಾಲಿದ ಬೇಲಿಯ ತಲೆ ಒಂದು ಕಡೆ, ಬುಡ ಒಂದು ಕಡೆ ಇರುತ್ತದೆ; ನಿಜವಾದ ಎಲ್ಲೆಯನ್ನು ತೋರಿಸುವುದು ಬುಡವೇ ಹೊರತು ತಲೆಯಲ್ಲ. ನೆಟ್ಟಗೆ ಮಾಡುವಾಗ ಬುಡ ನಾಲ್ಕು ಅಂಗುಲ ಆಚೆ ಹೋದರೂ ಮುಂದೆ ಮಾತಿಗೆ ಕಾರಣವಾದೀತು. ಇಬ್ಬರೂ ನೋಡುತ್ತಿರುವಾಗಲೇ ಹಳೆಯ ಬುಡಗಳ ನೇರಕ್ಕೆ ಎರಡು ಗೂಟ ಹೊಡೆದು ದಾರ ಎಳೆದಿಡಿ. ಸರ್ಕಾರದ ಅಳತೆಯ ಕಲ್ಲು ಸಾಲಿನಲ್ಲಿದ್ದರೆ ಅದನ್ನು ಅಲುಗಿಸಲೇಬಾರದು. ಎಲ್ಲೆಗುರುತನ್ನು ಕೆಡಿಸುವುದು ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಪ್ರಕಾರ ದಂಡನೆಗೆ ಅರ್ಹವಾದ ತಪ್ಪು.

ನಲ್ಲಿಯ ಕೊಳವೆ, ವಿದ್ಯುತ್ತಿನ ನೆಲತಂತಿ ಎಲ್ಲಿ ಹಾದಿವೆ ಎಂಬುದನ್ನು ತಿಳಿದುಕೊಳ್ಳಿರಿ. ಅನುಮಾನವಿದ್ದ ಕಡೆ ಹಾರೆ ಹಾಕದೆ, ತಿಳಿದವರನ್ನು ಕೇಳುವವರೆಗೆ ಕೆಲಸ ನಿಲ್ಲಿಸುವುದು ಒಳ್ಳೆಯದು. ಬಳ್ಳಿಗಳನ್ನು ಸವರಿ ಭಾರ ಇಳಿಸಿರಿ. ರಿಪೇರಿಯ ಕಂಬದ ಎರಡೂ ಪಕ್ಕದ ಅಡ್ಡಪಟ್ಟಿಗಳ ಮೊಳೆ ಸಡಿಲಿಸಿರಿ. ಮುಳ್ಳುತಂತಿಯನ್ನು ಬಿಚ್ಚುವಾಗ ಅದು ಸುರುಳಿಯಾಗಿ ಚಿಮ್ಮುತ್ತದೆ. ಕೈಗೆ ದಪ್ಪ ಚೀಲವನ್ನೋ ಕೈಗವಸನ್ನೋ ಹಾಕಿಕೊಂಡು, ಮುಖವನ್ನು ದೂರವಿಟ್ಟು ಬಿಚ್ಚಬೇಕು.

ಸಡಿಲಗೊಂಡ ಕಂಬ

ಕಲ್ಲುಕಂಬ, ಸಿಮೆಂಟು ಕಂಬ, ಗಟ್ಟಿ ಬುಡದ ಮರದ ಕಂಬ, ಇವೆಲ್ಲ ಈ ಗುಂಪಿಗೆ ಸೇರಿದವು. ಇಲ್ಲಿ ಕೊಳ್ಳಬೇಕಾದ ಸಾಮಾನು ಏನೂ ಇಲ್ಲ. ಮೊದಲು ವಾಲಿದ ಬದಿಗೆ ಒಂದು ಬಲವಾದ ಆಸರೆಕೋಲು ಕೊಟ್ಟು ಕಂಬ ಇನ್ನಷ್ಟು ಬೀಳದಂತೆ ಮಾಡಿ. ಅನಂತರ ಎದುರು ಬದಿಯಲ್ಲಿ, ಎಂದರೆ ಕಂಬವನ್ನು ಯಾವ ಕಡೆಗೆ ಎತ್ತಬೇಕೋ ಆ ಕಡೆಯಲ್ಲಿ, ಅಗೆಯಿರಿ. ಕಂಬ ವಾಲುತ್ತಾ ಬಂದಂತೆ ಆ ಬದಿಯಲ್ಲಿ ಸಂದು ಬಿಟ್ಟು, ಅದರೊಳಗೆ ಮಣ್ಣು, ಕಸ, ಕಲ್ಲು ಬಿದ್ದು ತುಂಬಿಕೊಂಡಿರುತ್ತವೆ. ಅದನ್ನು ತೆಗೆಯದೆ ಎಷ್ಟು ತಳ್ಳಿದರೂ ಕಂಬ ಹಿಂದಕ್ಕೆ ಬರುವುದಿಲ್ಲ. ಬಲವಂತ ಮಾಡಿದರೆ ಮರ ಮುರಿಯುತ್ತದೆ.

ಗುಂಡಿ ಸ್ವಚ್ಛವಾದ ಮೇಲೆ ಇಬ್ಬರು ಸೇರಿ, ಹಗ್ಗ ಎಳೆಯುತ್ತಾ ಆಸರೆಕೋಲನ್ನು ಸ್ವಲ್ಪ ಸ್ವಲ್ಪವಾಗಿ ಮುಂದಕ್ಕೆ ಸರಿಸುತ್ತಾ ಕಂಬವನ್ನು ಎತ್ತಿರಿ. ತೂಗುಗುಂಡನ್ನು ಎರಡು ಬದಿಯಿಂದ ಹಿಡಿದು ನೋಡಿ ನೆಟ್ಟಗಾದದ್ದನ್ನು ಖಚಿತಪಡಿಸಿಕೊಳ್ಳಿ. ಈಗ ಎರಡು ಜಾಗಗಳಲ್ಲಿ ಕಲ್ಲು ಬಿಗಿಯಬೇಕು: ಮೊದಲು ವಾಲಿದ ದಿಕ್ಕಿಗೆ ಎದುರು ಬದಿಯಲ್ಲಿ ಗುಂಡಿಯ ತಳದಲ್ಲಿ; ಅನಂತರ ವಾಲಿದ್ದ ಬದಿಯಲ್ಲಿ ನೆಲಮಟ್ಟದ ಹತ್ತಿರ. ಕಂಬ ಮತ್ತೆ ವಾಲಬೇಕಾದರೆ ತಳ ಹಿಂದಕ್ಕೂ ಮೇಲಿನ ಭಾಗ ಮುಂದಕ್ಕೂ ಸರಿಯಬೇಕು. ಈ ಎರಡು ಕಲ್ಲುಗಳು ಅದೇ ಎರಡು ಸರಿತಗಳನ್ನು ತಡೆಯುತ್ತವೆ. ಉಳಿದ ಜಾಗಕ್ಕೆ ಇಟ್ಟಿಗೆ ಚೂರು ಬೆರೆಸಿದ ಮಣ್ಣನ್ನು ಅರ್ಧರ್ಧ ಅಡಿಯ ಪದರವಾಗಿ ತುಂಬಿ, ಪ್ರತಿ ಪದರವನ್ನೂ ಹಾರೆಯ ಹಿಂಬದಿಯಿಂದ ಚೆನ್ನಾಗಿ ಜಜ್ಜಿರಿ. ಮಣ್ಣು ಕೈಯಲ್ಲಿ ಹಿಡಿದರೆ ಉಂಡೆಯಾಗುವಷ್ಟು ಮಾತ್ರ ತೇವವಾಗಿರಲಿ. ಗುಂಡಿಗೆ ನೀರು ಸುರಿದು ಕೆಸರು ಮಾಡಿದರೆ, ಆರಿದ ಮೇಲೆ ಕುಗ್ಗಿ ಮತ್ತೆ ಸಂದು ಬಿಡುವುದು. ಎರಡು ಅಡಿ ಗುಂಡಿಯನ್ನು ಒಮ್ಮೆಗೇ ತುಂಬಿ ಮೇಲೆ ತುಳಿದರೆ ತಳ ಸಡಿಲವಾಗಿಯೇ ಉಳಿಯುವುದು.

ಕೊಳೆತ ಕಂಬ

ಬುಡ ಕೊಳೆತ ಕಂಬವನ್ನು ಎಸೆಯಬೇಕಾಗಿಲ್ಲ. ಮೇಲಿನ ಐದು ಅಡಿ ಗಟ್ಟಿಯಾಗಿದ್ದರೆ ಅದಕ್ಕೆ ಹೊಸ ಕಾಲು ಕೊಟ್ಟರಾಯಿತು. ನಾಲ್ಕು ಅಡಿ ಉದ್ದದ ಒಂದು ಮೋಟುಗಂಬ ಬೇಕು. ಮುರಿದ ಕಲ್ಲುಕಂಬದ ತುಂಡು, ತೂತುಗಳಿರುವ ಹಳೆಯ ಸಿಮೆಂಟು ಕಂಬದ ತುಂಡು, ಗುಜರಿ ಅಂಗಡಿಯ ದಪ್ಪ ಕಬ್ಬಿಣದ ಆಂಗಲ್, ಇವುಗಳಲ್ಲಿ ಯಾವುದಾದರೂ ಆದೀತು. ಆಂಗಲ್‌ಗೆ ಬೆಸುಗೆ ಅಂಗಡಿಯಲ್ಲಿ ಎರಡು ತೂತು ಹಾಕಿಸಿ, ಬಣ್ಣ ಬಳಿಸಿಕೊಳ್ಳಿ.

ಹಳೆಯ ಕಂಬಕ್ಕೆ ಆಸರೆ ಕೊಟ್ಟು, ಅದಕ್ಕೆ ತಾಗಿದಂತೆ ನಿಮ್ಮ ಬದಿಯಲ್ಲಿ ಒಂದು ಅಡಿ ಚೌಕ, ಎರಡು ಅಡಿ ಆಳದ ಗುಂಡಿ ತೆಗೆಯಿರಿ. ಮೋಟುಗಂಬ ಎರಡು ಅಡಿ ಒಳಗೆ, ಎರಡು ಅಡಿ ಹೊರಗೆ ಇರುವಂತೆ ಕಂಬಕ್ಕೆ ಅಂಟಿಸಿ ನಿಲ್ಲಿಸಿ. ಎರಡನ್ನೂ ಸೇರಿಸಿ ಎರಡು ಬೋಲ್ಟು ಹಾಕಿರಿ. ಒಂದು ಮೋಟುಗಂಬದ ತಲೆಯಿಂದ ನಾಲ್ಕು ಅಂಗುಲ ಕೆಳಗೆ, ಇನ್ನೊಂದು ಅದಕ್ಕೆ ಒಂದು ಅಡಿ ಕೆಳಗೆ. ಮರದ ಬದಿಯಲ್ಲಿ ಅಗಲವಾದ ವಾಷರು ಇರಲಿ. ಬರಿಯ ಮೊಳೆ ಸಾಲದು, ಗಾಳಿಯ ಅಲುಗಾಟಕ್ಕೆ ಅದು ಸಡಿಲವಾಗುತ್ತದೆ. ಕಲ್ಲಿಗೆ ತೂತು ಕೊರೆಯುವುದು ಕಷ್ಟವಾದರೆ, ದಪ್ಪನೆಯ ಜಿ.ಐ. ತಂತಿಯನ್ನು ಅದೇ ಎರಡು ಜಾಗಗಳಲ್ಲಿ ನಾಲ್ಕು ಸುತ್ತು ಸುತ್ತಿ, ಕಬ್ಬಿಣದ ಸಲಾಕೆಯಿಂದ ತಿರುಚಿ ಬಿಗಿಯಬಹುದು. ತಂತಿ ಜಾರದಂತೆ ಮರದಲ್ಲಿ ಸಣ್ಣ ಕಚ್ಚು ಮಾಡಿಕೊಳ್ಳಬೇಕು.

ಎಲ್ಲ ಬಿಗಿಯಾದ ಮೇಲೆ ಕೊಳೆತ ಬುಡವನ್ನು ನೆಲಕ್ಕಿಂತ ಎರಡು ಅಂಗುಲ ಮೇಲಕ್ಕೆ ಗರಗಸದಿಂದ ಕೊಯ್ದು ತೆಗೆದುಹಾಕಿ. ಹೀಗೆ ಮರ ಮಣ್ಣಿನ ಸಂಪರ್ಕವನ್ನೇ ಬಿಟ್ಟ ಮೇಲೆ, ಬೂಷ್ಟಿಗೂ ಗೆದ್ದಲಿಗೂ ಮುಖ್ಯವಾದ ಬಾಗಿಲು ಮುಚ್ಚಿದಂತಾಯಿತು. ರಿಪೇರಿಯಾದ ಕಂಬ ಮೊದಲಿನದಕ್ಕಿಂತ ಹೆಚ್ಚು ಕಾಲ ಬಾಳುವುದಕ್ಕೆ ಇದೇ ಕಾರಣ.

ಈ ಗುಂಡಿಗೆ ಕಾಂಕ್ರೀಟು ಹಾಕುವುದು ಮೇಲು. ಒಂದು ಪಾಲು ಸಿಮೆಂಟು, ಮೂರು ಪಾಲು ಮರಳು, ಆರು ಪಾಲು ಜಲ್ಲಿ ಸಾಕು. ನೀರು ಹೆಚ್ಚು ಸುರಿದಷ್ಟೂ ಬಲ ಕಡಿಮೆ. ಕಲಸಿದ್ದು ಗಟ್ಟಿಯಾದ ಹಿಟ್ಟಿನಂತಿರಲಿ. ಮೇಲ್ಮೈಯನ್ನು ಕಂಬದಿಂದ ಹೊರಕ್ಕೆ ಇಳಿಜಾರು ಮಾಡಿ, ಒಂದು ವಾರ ಒದ್ದೆ ಗೋಣಿಚೀಲ ಹೊದಿಸಿಡಿ. ಆಸರೆಕೋಲನ್ನು ಆ ವಾರ ತೆಗೆಯಬೇಡಿ. ಎರೆಮಣ್ಣಿನ ಊರಿನಲ್ಲಿ ಕಾಂಕ್ರೀಟಿನ ತಲೆ ಅಣಬೆಯಂತೆ ಅಗಲವಾಗದಿರಲಿ. ಉಬ್ಬುವ ಮಣ್ಣು ಅದರ ಅಂಚನ್ನು ಹಿಡಿದು ಮೇಲಕ್ಕೆತ್ತುತ್ತದೆ.

ಹೊಸ ಮರದ ಕಂಬವನ್ನೇ ನೇರವಾಗಿ ಕಾಂಕ್ರೀಟಿನಲ್ಲಿ ಹೂಳುವುದು ಅಷ್ಟು ಒಳ್ಳೆಯದಲ್ಲ. ಮರ ಒಣಗಿ ಕುಗ್ಗಿದಾಗ ಸುತ್ತಲೂ ಸಂದು ಬಿಟ್ಟು, ಮಳೆಯ ನೀರು ಬಟ್ಟಲಿನಲ್ಲಿ ನಿಂತಂತೆ ನಿಲ್ಲುತ್ತದೆ. ಹೂಳಲೇಬೇಕಾದರೆ ತಳದಲ್ಲಿ ಕಾಂಕ್ರೀಟಿನ ಬದಲು ಜಲ್ಲಿ ಹಾಸಿ, ನೀರು ಇಂಗಿಹೋಗಲು ದಾರಿ ಮಾಡಿರಿ. ಡಾಂಬರು ಬಳಿಯುವವರು ಚೆನ್ನಾಗಿ ಒಣಗಿದ ಮರಕ್ಕೆ ಮಾತ್ರ ಬಳಿಯಬೇಕು. ಹಸಿ ಮರಕ್ಕೆ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಕೊಳೆತ ಬೇಗನಾಗುತ್ತದೆ.

ಮೂಲೆಯ ಕಂಬ

ತಂತಿಬೇಲಿಯಲ್ಲಿ ಮಧ್ಯದ ಕಂಬಗಳನ್ನು ತಂತಿ ಎರಡು ಕಡೆಗೂ ಸಮನಾಗಿ ಎಳೆಯುತ್ತದೆ. ಮೂಲೆಯ ಮತ್ತು ಕೊನೆಯ ಕಂಬಗಳನ್ನು ಒಂದೇ ಕಡೆಗೆ ಎಳೆಯುತ್ತದೆ. ಅವುಗಳಿಗೆ ಊರೆ ಬೇಕು. ತಂತಿ ಎಳೆಯುವ ಕಡೆಯಲ್ಲಿ, ಬೇಲಿಯ ಸಾಲಿನಲ್ಲೇ, ಒಂದು ಕೋಲಿನ ತಲೆಯನ್ನು ಕಂಬದ ಮೇಲ್ಭಾಗಕ್ಕೆ ಕಚ್ಚು ಕೊಟ್ಟು ನಿಲ್ಲಿಸಿ, ಅದರ ಕಾಲನ್ನು ನೆಲದಲ್ಲಿ ಹೂತ ಚಪ್ಪಟೆ ಕಲ್ಲಿಗೆ ಆನಿಸಿರಿ. ಮೂಲೆಯಾದರೆ ಎರಡು ಸಾಲಿಗೂ ಒಂದೊಂದು ಊರೆ. ತಂತಿಯನ್ನು ಮೊದಲು ಸಡಿಲಿಸಿ, ಕಂಬ ನೆಟ್ಟಗಾಗಿ ಊರೆ ಕೂತ ಮೇಲೆ ಮತ್ತೆ ಬಿಗಿಯಬೇಕು. ಈ ಕ್ರಮ ತಪ್ಪಿದರೆ ಕಂಬ ಪುನಃ ಬಾಗುತ್ತದೆ.

ಖರ್ಚಿನ ಲೆಕ್ಕ

ಒಂದು ಉದಾಹರಣೆ ನೋಡೋಣ. ನಲವತ್ತು ಅಡಿ ಉದ್ದದ ಬೇಲಿ. ಎಂಟು ಅಡಿಗೊಂದರಂತೆ ಆರು ಕಂಬ. ಪರೀಕ್ಷೆಯಲ್ಲಿ ಮೂರು ಗಟ್ಟಿ, ಒಂದು ಸಡಿಲ, ಎರಡು ಕೊಳೆತವು ಎಂದು ತಿಳಿಯಿತು. ಬೇಕಾಗುವ ಸಾಮಾನು ಇಷ್ಟು: ನಾಲ್ಕು ಅಡಿಯ ಮೋಟುಗಂಬ ಎರಡು, ವಾಷರು ಸಹಿತ ಬೋಲ್ಟು ನಾಲ್ಕು, ಒಂದು ಬುಟ್ಟಿ ಇಟ್ಟಿಗೆ ಚೂರು, ಒಂದು ಹಿಡಿ ಮೊಳೆ. ಎರಡು ಗುಂಡಿಗೆ ಕಾಂಕ್ರೀಟು ಸುಮಾರು ನಾಲ್ಕು ಘನ ಅಡಿ. 50 ಕಿಲೋಗ್ರಾಮಿನ ಒಂದು ಚೀಲ ಸಿಮೆಂಟಿನಿಂದ ಮೇಲೆ ಹೇಳಿದ ಪ್ರಮಾಣದಲ್ಲಿ ಸುಮಾರು ಎಂಟು ಘನ ಅಡಿ ಕಾಂಕ್ರೀಟು ಆಗುವುದರಿಂದ ಅರ್ಧ ಚೀಲ ಸಾಕು. ಅದಕ್ಕೆ ಮರಳು ಸುಮಾರು ಎರಡು ಘನ ಅಡಿ, ಜಲ್ಲಿ ಸುಮಾರು ನಾಲ್ಕು ಘನ ಅಡಿ. ಕೆಲಸಕ್ಕೆ ಇಬ್ಬರು, ಒಂದು ದಿನ.

ಇದಕ್ಕೆ ಎದುರಾಗಿ, ಹೊಸ ಬೇಲಿಗೆ ಆರು ಕಂಬ, ಆರು ಗುಂಡಿ, ನಲವತ್ತು ಅಡಿಯ ಅಡ್ಡಪಟ್ಟಿ ಮತ್ತು ದಬ್ಬೆ, ಹಳೆಯದನ್ನು ಕಿತ್ತು ಸಾಗಿಸುವ ಕೂಲಿ, ಇವೆಲ್ಲ ಬೇಕು. ಎರಡು ಪಟ್ಟಿಯನ್ನೂ ಅಕ್ಕಪಕ್ಕ ಬರೆದು, ನಿಮ್ಮ ಊರಿನ ಅಂಗಡಿಯ ಬೆಲೆಯನ್ನು ಎದುರಿಗೆ ತುಂಬಿ ನೋಡಿರಿ. ಯಾವುದನ್ನು ಮಾಡಿಸಬೇಕೆಂಬುದನ್ನು ಆ ಕಾಗದವೇ ಹೇಳುತ್ತದೆ. ಆದರೆ ಅರ್ಧಕ್ಕಿಂತ ಹೆಚ್ಚು ಕಂಬಗಳು ಕೊಳೆತಿದ್ದು, ಅಡ್ಡಪಟ್ಟಿಗಳೂ ಪುಡಿಯಾಗುತ್ತಿದ್ದರೆ, ಅಂಥ ಬೇಲಿಗೆ ತೇಪೆ ಹಾಕುವುದು ದುಂದು. ಅದನ್ನು ಬಿಚ್ಚಿಸುವುದೇ ಸರಿ.

ಉಳಿತಾಯವೆಂದು ತೋರುವ ಕೆಲವು ಕೆಲಸಗಳು ನಿಜವಾಗಿ ನಷ್ಟದವು. ವಾಲಿದ ಕಂಬದ ಬುಡಕ್ಕೆ ಮಣ್ಣಿನ ಗುಡ್ಡೆ ಹಾಕುವುದರಿಂದ ಹಿಡಿತ ಹೆಚ್ಚುವುದಿಲ್ಲ. ಕೊಳೆಯುವ ಗೇಣು ಒಂದು ಗೇಣು ಮೇಲಕ್ಕೆ ಬರುತ್ತದೆ, ಅಷ್ಟೆ. ಗಾಡಿಯ ಹಳೆಯ ಎಂಜಿನ್ ಎಣ್ಣೆಯನ್ನು ಕಂಬಕ್ಕೆ ಬಳಿದರೆ ಅದು ಮಳೆಯಲ್ಲಿ ಇಳಿದು ತೋಟದ ಮಣ್ಣನ್ನೂ ಬಾವಿಯ ನೀರನ್ನೂ ಕೆಡಿಸುತ್ತದೆ. ಬೇಲಿಯನ್ನು ಮರಕ್ಕೆ ತಂತಿಯಿಂದ ಬಿಗಿದರೆ, ಮರ ದಪ್ಪವಾದಂತೆ ತಂತಿ ತೊಗಟೆಯನ್ನು ಕೊಯ್ದು ಮರವೂ ಸೊರಗುತ್ತದೆ.

ಚಿಗುರುವ ಕಂಬಗಳು

ಹಿತ್ತಲಿನ ಬೇಲಿಯಾದರೆ ಇನ್ನೂ ಅಗ್ಗದ ಉಪಾಯವೊಂದಿದೆ. ಗೊಬ್ಬರದ ಗಿಡ ಎಂದು ಕರೆಯುವ ಗ್ಲಿರಿಸಿಡಿಯ, ಹಾಲುವಾಣ, ನುಗ್ಗೆ ಇವುಗಳ ಬಲಿತ ಕೊಂಬೆಯನ್ನು ನೆಟ್ಟರೆ ಬೇರು ಬಿಟ್ಟು ಚಿಗುರುತ್ತವೆ. ಹೆಬ್ಬೆರಳಿಗಿಂತ ದಪ್ಪನೆಯ, ಐದಾರು ಅಡಿ ಉದ್ದದ ಕೊಂಬೆಗಳನ್ನು ಮುಂಗಾರು ಹಿಡಿದ ಮೇಲೆ ಎರಡು ಹಳೆಯ ಕಂಬಗಳ ನಡುವೆ ಒಂದೂವರೆ ಅಡಿ ಆಳಕ್ಕೆ ನೆಡಿರಿ. ಬೇರು ಚೆನ್ನಾಗಿ ಹಿಡಿಯುವವರೆಗೆ ಅವುಗಳಿಗೆ ತಂತಿಯ ಭಾರ ಹಾಕಬಾರದು. ಅಷ್ಟರವರೆಗೆ ಹಳೆಯ ಬೇಲಿಯೇ ರಿಪೇರಿಯೊಡನೆ ನಿಂತಿರಲಿ. ಬದುಕಿರುವ ಬೇರು ಮಣ್ಣನ್ನು ಹಿಡಿಯುವುದರಿಂದ, ನೆಟ್ಟ ಗೂಟಕ್ಕೆ ಬರುವ ಕೊಳೆತದ ಕಾಟ ಇವಕ್ಕಿಲ್ಲ. ವರ್ಷಕ್ಕೆ ಎರಡು ಸಲ ಸವರಿದರೆ ಗ್ಲಿರಿಸಿಡಿಯದ ಸೊಪ್ಪು ತೋಟಕ್ಕೆ ಗೊಬ್ಬರ, ನುಗ್ಗೆಯ ಸೊಪ್ಪು ಅಡಿಗೆಮನೆಗೆ. ಸವರದೆ ಬಿಟ್ಟರೆ ಅವೇ ಮರಗಳಾಗಿ ಬೇಲಿಯನ್ನು ಎತ್ತಿಹಾಕುವವು.

ಈ ಕೆಲಸಕ್ಕೆಲ್ಲ ತಕ್ಕ ಕಾಲ ಯುಗಾದಿಯ ನಂತರದ ದಿನಗಳು. ಆಗ ನೆಲ ಒಣಗಿರುತ್ತದೆ, ಬಳ್ಳಿಗಳು ಸೊರಗಿರುತ್ತವೆ, ಕಾಂಕ್ರೀಟು ಗಟ್ಟಿಯಾಗಲು ಮಳೆಗೆ ಮುನ್ನ ಸಾಕಷ್ಟು ಸಮಯವಿರುತ್ತದೆ. ಮೊದಲ ದೊಡ್ಡ ಮಳೆಯ ಮರುದಿನ ಬೇಲಿಯ ಉದ್ದಕ್ಕೂ ಒಮ್ಮೆ ನಡೆದು, ಪ್ರತಿಯೊಂದು ಕಂಬವನ್ನೂ ಕೈಯಿಂದ ಅಲುಗಿಸಿ ನೋಡಿರಿ. ಬುಡದಲ್ಲಿ ನೀರು ನಿಂತಿದ್ದರೆ ಕಾಲುವೆ ಬಿಡಿಸಿ. ಮಣ್ಣು ಕುಸಿದಿದ್ದರೆ ಒಂದು ಬುಟ್ಟಿ ತಂದು ಜಜ್ಜಿ. ವರ್ಷಕ್ಕೆ ಅರ್ಧ ಗಂಟೆಯ ಈ ಓಡಾಟವನ್ನು ಬಿಡದೆ ನಡೆಸಿದರೆ, ಹೊಸ ಬೇಲಿಯ ಮಾತು ಬಹಳ ವರ್ಷಗಳವರೆಗೆ ಬರಲಾರದು.